ಕಿವಿಗೆ ಬೈಯೋದಕ್ಕಿಂತ ಮೊದ್ಲ ತಂತಿ ಎಲ್ಲಿ ಸಿಕ್ಕೊಂಡದ ನೋಡ್ರಿ

ಹೋದ ಸಲ ನಾ ಮೆಂತ್ಯದ ಹಿಟ್ಟಿನ ಬಗ್ಗೆ ಬರದಾಗ ನೀವೆಲ್ಲಾರೂ ಫೋನ್ ಮಾಡಿ ಅಳತಿ ಕೇಳಿದ್ರಿ. ಈ ಸಲ ಬರಿಯೋದು ಗಿಟಾರಿನ ಬಗ್ಗೆ. ಅದೂ ಕರೆಂಟಿನ ಗಿಟಾರು. ನಗಬ್ಯಾಡ್ರಿ, ಕಡೀತನಕಾ ಓದ್ರಿ. ಮನ್ಯಾಗ ವಾದ್ಯ ಬಾರಸೋ ಹುಡುಗೂರು ಇದ್ದವ್ರಿಗಂತೂ ಇದು ಬೇಕಾಗ್ತದ. ಇಲ್ಲದವ್ರಿಗೂ ಹೊಲಿಗಿ ಮಶೀನು ಇದ್ದೇ ಇರ್ತದ, ಅಷ್ಟು ಸಾಕು.

ನಮ್ಮ ಸಣ್ಣಾಂವ ಪಿಯುಸಿ ಮೊದಲನೇ ವರ್ಷದಾಗ ಇದ್ದಾಗ ಅವರಪ್ಪನ್ನ ಕಾಡಿ ಬೇಡಿ ಒಂದು ಎಲೆಕ್ಟ್ರಿಕ್ ಗಿಟಾರ್ ತರಿಸಿಕೊಂಡ. ಭಾಳ ತುಟ್ಟೀದಲ್ಲ, ಸ್ಟ್ರಾಟೊಕಾಸ್ಟರ್ ನಮೂನಿದು, ಕೆಂಪು ಬಣ್ಣ. ನನಗ ಮೊದಲಿನಿಂದ ಅಷ್ಟಕ್ಕಷ್ಟ. ನಾ ಸಣ್ಣಾಕಿ ಇದ್ದಾಗ ಎಂಟು ವರ್ಷ ಹಿಂದುಸ್ತಾನಿ ಕಲ್ತಾಕಿ. ಧಾರವಾಡದಾಗ ಹುಟ್ಟಿದ ಮ್ಯಾಲ ಮಲ್ಲಿಕಾರ್ಜುನ ಮನ್ಸೂರು, ಗಂಗೂಬಾಯಿ ಹಾನಗಲ್ಲು ಅಂತ ಕೇಳಿಕೋತನ ಬೆಳದಿರ್ತೀವಿ. ನಮಗ ಸುರ ಒಂದು ಕೂದಲೆಳಿ ಸರದ್ರೂ ಹಲ್ಲಾಗ ಹಳ್ಳು ಸಿಕ್ಕಂಗ ಆಗ್ತದ. ಇವನ ಗಿಟಾರು ಬರೇ ಕೂದಲೆಳಿ ಅಲ್ಲ, ಮಾರುದ್ದ ಸರೀತಿತ್ತು. ಬಾರಸ್ಲಿಕ್ಕೆ ಕೂತಾಗ ಸರಿ ಇರ್ತಿತ್ತು, ಎರಡು ಹಾಡು ಆಗೋದ್ರಾಗ ಮೂರನೇ ತಂತಿ ಒಂದು ದಿಕ್ಕು, ಎರಡನೇ ತಂತಿ ಒಂದು ದಿಕ್ಕು.

ಒಂದು ಸಲ ದೀಪಾವಳಿಗೆ ಮನಿ ತುಂಬ ಮಂದಿ ಬಂದಿದ್ರು. ಎಲ್ಲಾರೂ ಬಾರಸು ಬಾರಸು ಅಂದ್ರು. ಬಾರಸಿದ. ನಡುವಿನಾಗ ಸುರ ಬಿಟ್ಟಿತು. ನಾ ಅಡಗಿಮನಿಯಿಂದ ಚಕ್ಕಲಿ ತಾಟು ಹಿಡಕೊಂಡು ಬಂದಾಕಿ ಎಲ್ಲಾರ ಮುಂದ ಅಂದುಬಿಟ್ಟೆ: "ನಿನಗ ಸುರದ ಕಿವೀನ ಇಲ್ಲೋ. ಸುರ ಹಚ್ಚಲಿಕ್ಕೆ ಬರದಾಂವ ಬಾರಸೋದ್ಯಾಕ?" ಎಲ್ಲಾರೂ ನಕ್ರು. ಅವನೂ ನಕ್ಕ. ಮರುದಿನ ಗಿಟಾರನ್ನ ಚೀಲದಾಗ ಹಾಕಿ ಮಂಚದ ಕೆಳಗ ಸರಿಸಿದ. ನಾಕು ತಿಂಗಳು ತಗೀಲಿಲ್ಲ. ನಾ ಅಭ್ಯಾಸದಾಗ ಮನಸು ಹತ್ತೇದ ಅಂತ ಖುಷಿ ಪಟ್ಟೆ.

ಯುಗಾದಿ ಮುಂದ ಮನಿ ಸ್ವಚ್ಛ ಮಾಡೂವಾಗ ಆ ಚೀಲ ಹೊರಗ ತಗದೆ. ಮಧ್ಯಾಹ್ನ, ಮನ್ಯಾಗ ಯಾರೂ ಇಲ್ಲ. ಸುಮ್ನ ನೋಡೂಣು ಅಂತ ಗಿಟಾರು ತೊಡಿ ಮ್ಯಾಲ ಇಟಗೊಂಡೆ. ಮೂರನೇ ತಂತಿಗೆ ಅವರು 'ಜಿ' ಅಂತಾರ ಅಂತ ಅವನ ಬಾಯಿಂದ ಕೇಳಿದ್ದೆ. ನಮ್ಮ ಪೇಟಿ ಮ್ಯಾಲ ಅದು ಬಿಳಿ ಐದು. ಪೇಟಿ ಒತ್ತಿ ಹಿಡದು ಗಿಟಾರಿನ ಚಾವಿ ತಿರುವಿದೆ. ತಿರುವಿದೆ, ತಿರುವಿದೆ, ಸುರ ಏರವಲ್ದು. ಇನ್ನೊಂಚೂರು ತಿರುವಿದೆ. 'ಟಿಂಗ್' ಅಂತ ಸಣ್ಣ ಸಪ್ಪಳಾತು, ಸುರ ಒಮ್ಮಿಗೇ ಬಿಳಿ ಐದನ್ನ ದಾಟಿ ಹಾರಿತು. ಇಳಿಸಿದೆ. ಮತ್ತ ಇಳೀವಲ್ದು, ಮತ್ತ ಒಮ್ಮಿಗೇ ಜಾರಿತು.

ಆಗ ನನ್ನ ಎದಿ ಧಸಕ್ಕಂತು ನೋಡ್ರಿ. ಎಂಟು ವರ್ಷ ತಂಬೂರಿ ಹಚ್ಚಿದಾಕಿಗೆ ಇದು ಗೊತ್ತಾಗಬೇಕಿತ್ತು. ಇದು ಕಿವೀ ತಪ್ಪಲ್ಲ. ಎಲ್ಲೋ ತಂತಿ ಸಿಕ್ಕೊಳ್ಳಿಕ್ಕೆ ಹತ್ತೇದ. ದೇವರಂಥಾ ಕಿವಿ ಇದ್ದವ್ರೂ ಇದನ್ನ ಸುರಕ್ಕ ಹಚ್ಚಲಿಕ್ಕೆ ಆಗಂಗಿಲ್ಲ.

ಎಲ್ಲಿ ಸಿಕ್ಕೊಳ್ತದ ಅನ್ನೋದು ಹೇಳ್ತೀನಿ. ಗಿಟಾರಿನ ತಂತಿ ಕೆಳಗ ಬ್ರಿಜ್ ಮ್ಯಾಲಿಂದ ಹೊಂಟು, ದಂಡಿ ಮ್ಯಾಲ ಹಾದು, ತುದಿಯೊಳಗಿನ ಚಾವಿಗೆ ಸುತ್ತಿಕೊಂಡಿರ್ತದ. ಚಾವಿಗಿಂತ ಸ್ವಲ್ಪ ಈ ಕಡೆ ಒಂದು ಸಣ್ಣ ಬಿಳಿ ಪಟ್ಟಿ ಇರ್ತದ. ಎಲುಬಿಂದು ಇಲ್ಲಾ ಪ್ಲಾಸ್ಟಿಕ್ಕಿಂದು. ಅದಕ್ಕ ನಟ್ ಅಂತಾರ. ಬೋಲ್ಟಿನ ನಟ್ಟಲ್ಲ ಮತ್ತ. ಅದರಾಗ ಆರು ಗೀರು ಇರ್ತಾವ, ಒಂದೊಂದು ತಂತಿಗೆ ಒಂದೊಂದು. ತಂತಿ ಆ ಗೀರಿನಾಗ ಸಲೀಸಾಗಿ ಹಿಂದ-ಮುಂದ ಜಾರಬೇಕು. ಬಾವಿ ರಾಟಿ ಮ್ಯಾಲ ಹಗ್ಗ ಓಡಾಡಿದಂಗ.

ಹಂಗಾರ ಬಾರಸೂವಾಗ ತಂತಿ ಯಾಕ ಜಾರಬೇಕು ಅಂತ ಕೇಳ್ತೀರಿ. ಈ ಗಿಟಾರಿನವರು ತಂತೀನ ಬಳ್ಳಿಂದ ಪಕ್ಕಕ್ಕ ಎಳೀತಾರ, ನಮ್ಮ ಮೀಂಡ್ ಇದ್ದಂಗ. ಎಳದಾಗ ಚಾವಿ ಕಡಿಂದ ಒಂದೀಟು ತಂತಿ ಗೀರು ದಾಟಿ ಈ ಕಡೆ ಬರ್ತದ. ಬಿಟ್ಟಾಗ ಅಷ್ಟೂ ತಂತಿ ತಿರುಗಿ ಹೋಗಬೇಕು. ಗೀರಿನಾಗ ಸಿಕ್ಕೊಂಡ್ರ ಈ ಕಡೇನ ಉಳೀತದ, ಸುರ ಇಳೀತದ. ಇನ್ನ ಸ್ಟ್ರಾಟೊಕಾಸ್ಟರ್ ನಮೂನಿಗೆ ಕೆಳಗೊಂದು ಸಣ್ಣ ಕೋಲು ಇರ್ತದ. ಅದನ್ನ ಒತ್ತಿದ್ರ ಬ್ರಿಜ್ ಬಾಗಿ ಎಲ್ಲಾ ತಂತಿ ಸಡಲ ಆಗ್ತಾವ. ಆಗ ತಂತಿ ಚಾವಿ ಕಡೆ ಸರೀತದ. ಕೋಲು ಬಿಟ್ಟಾಗ ತಿರುಗಿ ಬರಲಿಲ್ಲಂದ್ರ ಸುರ ಏರಿ ನಿಂದರ್ತದ. ಅಂದ್ರ ಮೀಂಡ್ ತಗದ ಮ್ಯಾಲ ಇಳೀತು, ಕೋಲು ಒತ್ತಿದ ಮ್ಯಾಲ ಏರಿತು ಅಂದ್ರ ಕಳ್ಳ ಬಹುತೇಕ ನಟ್ಟಿನೊಳಗ ಕೂತಾನ.

ಇನ್ನೊಂದು ಪರೀಕ್ಷಾ ಅದ. ಸುರಕ್ಕ ಹಚ್ಚಿ, ನಟ್ಟಿಗೂ ಚಾವಿಗೂ ನಡುವಿನ ತಂತೀನ ಬಳ್ಳಿಂದ ಒಮ್ಮಿ ಒತ್ತಿ ಬಿಡ್ರಿ. ಮತ್ತ ಬಾರಸಿ ನೋಡ್ರಿ. ಸುರ ಏರಿ ಕೂತಿದ್ರ ಅದು ಗೀರಿನಾಗ ಸಿಕ್ಕೊಳ್ಳಿಕ್ಕೆ ಹತ್ತೇದ ಅಂತನ ಅರ್ಥ.

ಇಷ್ಟು ಗೊತ್ತಾದ ಮ್ಯಾಲ ನಾ ಮಾಡಿದ ಶಾಣ್ಯಾತನ ಕೇಳ್ರಿ. ಹೊಲಿಗಿ ಮಶೀನಿನ ಎಣ್ಣಿ ತಂದು ನಟ್ಟಿಗೆ ಎರಡು ಹನಿ ಬಿಟ್ಟೆ. ಅದು ಗೀರಿನಾಗ ನಿಂತ್ರ ತಾನ! ದಂಡಿ ಮ್ಯಾಲ ಹರದು ಕಟಗಿಯೊಳಗ ಇಳದು ಕಪ್ಪು ಕಲಿ ಮಾಡಿತು. ಚೀಲದಾಗಿನ ಅರಳಿ ಜುಬರೆಲ್ಲಾ ಬಂದು ಅಂಟಿತು. ಹುಡುಗ ಸಂಜೀಕ ಬಂದು ನೋಡಿದಾಗ ನನಗ ಮಾರಿ ಎತ್ತಲಿಕ್ಕೆ ಆಗಲಿಲ್ಲ. ಬೈತಾನ ಅಂದಕೊಂಡಿದ್ದೆ. ಅವ "ಅವ್ವಾ, ನೀ ಯಾಕ ಇದನ್ನ ತಗದಿ?" ಅಂದ. ನಾ ಹೇಳಿದೆ, "ಅದು ನಿನ್ನ ಕಿವಿ ಅಲ್ಲೋ, ಈ ಗೀರು." ಸುಮ್ನ ನಿಂತಿದ್ದ. ಆಮ್ಯಾಲ ನನ್ನ ಮಗ್ಗಲದಾಗ ಬಂದು ಕೂತ.

ಇಬ್ಬರೂ ಕೂಡಿ ಓದಿ, ನೋಡಿ ಕಲ್ತಿದ್ದು ಇಷ್ಟು. ಗೀರಿಗೆ ಎಣ್ಣಿ ಬ್ಯಾಡ, ಒಣಾ ಜಾರಿಕಿ ಬೇಕು. ಅದಕ್ಕ ಎಲ್ಲಾಕಿಂತ ಸವಿ ಔಷಧ ಪೆನ್ಸಿಲ್ಲು. ಪೆನ್ಸಿಲ್ಲಿನ ಕಡ್ಡಿ ಸೀಸ ಅಲ್ಲ, ಗ್ರಾಫೈಟು, ಜೇಡಿಮಣ್ಣು ಕೂಡಿಸಿ ಮಾಡಿದ್ದು. ಚಿತ್ರ ತಗಿಯೋ ಮೆತ್ತನ್ನ ಪೆನ್ಸಿಲ್ಲಿನಾಗ, ಅಂದ್ರ 4ಬಿ, 6ಬಿ ಅಂತ ಬರದಿರೋದ್ರಾಗ ಗ್ರಾಫೈಟು ಹೆಚ್ಚಿರ್ತದ. ಒಂದೊಂದೇ ತಂತಿ ಸಡಲ ಮಾಡಿ, ಗೀರಿನಿಂದ ಎತ್ತಿ ಪಕ್ಕಕ್ಕಿಡ್ರಿ. ಆರೂ ಒಮ್ಮಿಗೇ ಬಿಚ್ಚಬ್ಯಾಡ್ರಿ. ಯಾಕಂದ್ರ ಆ ಕೋಲಿನ ಬ್ರಿಜ್ಜು ಒಂದು ಕಡೆ ತಂತಿ, ಇನ್ನೊಂದು ಕಡೆ ಬೆನ್ನಾಗಿನ ಸ್ಪ್ರಿಂಗು, ಈ ಎರಡರ ಜಗ್ಗಾಟದಾಗ ತಕ್ಕಡಿಹಂಗ ನಿಂತಿರ್ತದ. ಗೀರನ್ನ ಹಳೇ ಹಲ್ಲುಜ್ಜೋ ಬ್ರಶ್ಶಿನಿಂದ ಒಣದಾಗೇ ಉಜ್ಜಿ, ಪೆನ್ಸಿಲ್ ಚೂಪು ಮಾಡಿ ಗೀರಿನ ತಳಾ, ಎರಡೂ ಮಗ್ಗಲಾ ತಿಕ್ಕಿ, ತಂತಿ ಕೂಡಿಸಿ ಸುರಕ್ಕ ಹಚ್ಚೋದು. ತಂತಿ ಹೊಸಾದು ಹಾಕಿದಾಗೊಮ್ಮೆ ಇಷ್ಟು ಮಾಡಿದ್ರ ಸಾಕು.

ಪೆಟ್ರೋಲಿಯಂ ಜೆಲ್ಲಿನೂ ಹಚ್ಚತಾರ, ಹಿಮ್ಮಡಿ ಒಡದಾಗ ನಾವು ಹಚ್ಚಿಕೊಳ್ಳೋದು. ಸೂಜಿ ತುದಿಯಷ್ಟು ಮಾತ್ರ. ಗ್ರಾಫೈಟು ಪುಡಿ ಕೂಡಿಸಿ ಹಚ್ಚೋರೂ ಇದ್ದಾರ. ಗಿಟಾರಿನ ಸಲುವಾಗಿನ ಮಾಡಿದ ಮಲಾಮು ಸಣ್ಣ ಪಿಚಕಾರಿಯೊಳಗ ಬರ್ತದ, ರೊಕ್ಕ ಇದ್ದವ್ರು ತರ್ರಿ. ಆದ್ರ ಅಡಗಿಮನಿ ಎಣ್ಣಿ ಮಾತ್ರ ತಪ್ಪಿನೂ ಬ್ಯಾಡ. ಸೇಂಗಾ ಎಣ್ಣಿ, ಕುಸುಬಿ ಎಣ್ಣಿ ದಿನಾ ಕಳದಂಗ ಅಂಟಾಗ್ತಾವ. ಹಳೇ ಬಾಣಲಿ ಕಂಠಾ ಮುಟ್ಟಿದವ್ರಿಗೆ ನಾ ಏನು ಹೇಳೋದು? ಕೊಬ್ರಿ ಎಣ್ಣಿಯಂತೂ 24-25 ಡಿಗ್ರಿ ಕೆಳಗ ಬಂದ್ರ ಹೆಪ್ಪುಗಟ್ತದ. ನಮ್ಮ ಧಾರವಾಡದ ಡಿಸೆಂಬರದಾಗ ಅದು ಜಾರಿಸೋದಿರಲಿ, ತಂತೀನ ಹಿಡದುಕೊಂಡು ಕೂಡ್ತದ.

ನಟ್ಟಲ್ಲದ ತಂತಿ ತಿಕ್ಕೋ ಜಾಗಾ ಇನ್ನೂ ಅವ. ಮ್ಯಾಲಿನ ತುದಿಗೆ ಸಣ್ಣ ತಂತಿಗಳನ್ನ ಕೆಳಗ ಒತ್ತಿ ಹಿಡಿಯೋ ಒಂದು ಕೊಂಡಿ ಇರ್ತದ, ಅದರ ಕೆಳಗ. ಬ್ರಿಜ್ ಮ್ಯಾಲ ತಂತಿ ಕೂಡೋ ಜಾಗಾಕ್ಕ. ಬ್ರಿಜ್ ತಾನು ಬಾಗೋ ಸ್ಕ್ರೂ ಬುಡಕ್ಕ. ಇಷ್ಟಕ್ಕ ಒಂದೀಟು ಜಾರಿಕಿ ಬೇಕು.

ಆದ್ರ ಎಲ್ಲಿ ಬ್ಯಾಡ ಅನ್ನೋದು ಇನ್ನೂ ದೊಡ್ಡ ಮಾತು. ಚಾವಿ ಕಂಬಕ್ಕ ತಂತಿ ಸುತ್ತಿರ್ತದಲ್ಲ, ಅಲ್ಲಿ ಜಾರಿಕಿ ಹತ್ತಬಾರದು. ಅಲ್ಲಿ ಅದು ಗಟ್ಟಿ ಹಿಡೀಬೇಕು. ನಮ್ಮ ತಂಬೂರಿ ಖುಂಟಿ ಜಾರಲಿಕ್ಕೆ ಹತ್ತಿದ್ರ ನಾವೇನು ಮಾಡ್ತೀವಿ? ಖಡು ತಿಕ್ಕತೀವಿ, ಹಿಡಿತ ಬರ್ಲಿ ಅಂತ. ಎಣ್ಣಿ ಹಚ್ಚತೀವೇನು? ಹೊಲಿಗಿ ಮಶೀನಿನಾಗೂ ಹಂಗೇ. ಕಬ್ಬಿಣಕ್ಕ ಕಬ್ಬಿಣ ತಿಕ್ಕೋ ತೂತಿಗೆಲ್ಲಾ ಎಣ್ಣಿ ಬಿಡ್ತೀವಿ. ಗಾಲಿಯ ಚರ್ಮದ ಪಟ್ಟಾಕ್ಕ ಎಣ್ಣಿ ಹತ್ತಿದ್ರ ಕಾಲು ತುಳದು ತುಳದು ನೋಯ್ತಾವ, ಮಶೀನು ಓಡಂಗಿಲ್ಲ. ಜಾರೋದು ಜಾರಬೇಕು, ಹಿಡಿಯೋದು ಹಿಡೀಬೇಕು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನ ಯಾರೂ ಕಲಸೋದು ಬ್ಯಾಡ. ಆದ್ರ ಗಿಟಾರು ಅಂದ ಕೂಡ್ಲೆ ಅದು ನಮ್ಮದಲ್ಲ, ನಮಗ ತಿಳಿಯಂಗಿಲ್ಲ ಅಂತ ದೂರ ನಿಂತು ಬೈತೀವಿ. ನನ್ನ ತಕರಾರು ಅದರ ಮ್ಯಾಲ.

ಈಗ ರೊಕ್ಕದ ಮಾತಿಗೆ ಬರ್ತೀನಿ. ಸುರ ನಿಲ್ಲವಲ್ದು ಅಂದ್ರ ಹುಡುಗೂರು ಮೊದ್ಲ ಕೇಳೋದು ಹೊಸಾ ಸಾಮಾನು. ನಮ್ಮಾಂವನೂ ಹಿಂದೊಮ್ಮೆ ಅವರಪ್ಪಗ ಲಾಕಿಂಗ್ ಚಾವಿ ಕೊಡಸು ಅಂತ ಗಂಟು ಬಿದ್ದಿದ್ದ. ಸಾವಿರಾರು ರೂಪಾಯಿ. ಆ ಚಾವಿ ತಂತೀನ ಕಂಬದಾಗ ಚಿಮಟಾದಂಗ ಹಿಡೀತದ, ಹೆಚ್ಚು ಸುತ್ತು ಬೇಕಾಗಂಗಿಲ್ಲ, ತಂತಿ ಬದಲ ಮಾಡೋದು ಸಲೀಸು. ಎಲ್ಲಾ ಖರೇ. ಆದ್ರ ಅದು ಹಿಡಿಯೋದು ಚಾವಿಯೊಳಗ. ನಮ್ಮ ತಂತಿ ಸಿಕ್ಕೊಂಡಿದ್ದು ನಟ್ಟಿನೊಳಗ. ಅಡಗಿಮನಿ ನಳಾ ಸೋರಿದ್ರ ಬಚ್ಚಲದ ನಳಾ ಹೊಸಾದು ಹಾಕಿಸಿದಂಗ ಆಗ್ತಿತ್ತು.

ಸಾಮಾನು ಕೆಟ್ಟದಲ್ಲ, ಒಂದೊಂದಕ್ಕ ಒಂದೊಂದು ಕೆಲಸ ಅದ. ನಟ್ಟಿನ ಪಟ್ಟೀನ ಬದಲ ಮಾಡಿ ಗ್ರಾಫೈಟು ಕೂಡಿಸಿದ್ದು ಹಾಕಬಹುದು. ಗೀರಿನ ಬದ್ಲಿ ಸಣ್ಣ ಉರುಳಿ ಇರೋ ನಟ್ಟೂ ಬರ್ತಾವ, ಖರೇನೇ ಬಾವಿ ರಾಟಿ. ಇಂಗ್ಲೆಂಡಿನ ಜೆಫ್ ಬೆಕ್ ಅನ್ನೋ ದೊಡ್ಡ ವಾದಕ ಆ ಕೋಲನ್ನ ಕೈಯಾಗಿಂದ ಬಿಡದ ಬಾರಸ್ತಿದ್ದ, ಅವನ ಗಿಟಾರಿಗೆ ಹಂಥಾ ಉರುಳಿ ನಟ್ಟು ಇರ್ತಿತ್ತು. ಇನ್ನ 1970ರ ದಶಕದ ಕಡೀಕ ಅಮೆರಿಕಾದ ಫ್ಲಾಯ್ಡ್ ರೋಸ್ ಅನ್ನಾಂವ ಬ್ಯಾರೇನ ವಿಚಾರ ಮಾಡಿದ. ತಂತಿ ನಟ್ಟಿನಾಗ ಜಾರೋದೇ ಬ್ಯಾಡ ಅಂತ ಅಲ್ಲೇ ಸ್ಕ್ರೂ ಹಾಕಿ ಬಿಗದ, ಕೆಳಗೂ ಬಿಗದ. ಎರಡೂ ಕಡೆ ಬಿಗದ ಮ್ಯಾಲ ಸರಿಯೋದೆಲ್ಲಿ? ಆದ್ರ ಚಾವಿ ತಿರುವಿ ಸುರ ಹಚ್ಚೋ ಹಂಗಿಲ್ಲಲ್ಲ, ಅದಕ್ಕ ಬ್ರಿಜ್ ಮ್ಯಾಲ ಸಣ್ಣ ಸಣ್ಣ ತಿರುಪು ಇಟ್ಟಾರ. ಅದನ್ನ ನೋಡಿ ನನಗ ನಗು ಬಂತು. ನಮ್ಮ ಮಿರಜದ ತಂಬೂರಿಗೆ ಘೋಡಿ ಕೆಳಗ ತಂತಿಗೆ ಪೋಣಿಸಿದ ಮಣಿ ಇರ್ತಾವಲ್ಲ, ಖುಂಟಿ ಮುಟ್ಟದ ಮಣಿ ಸರಿಸಿ ಸುರ ತಿದ್ದೋದು, ಕೆಲಸ ಅದೇ.

ತಂತಿ ಸಿಕ್ಕೊಳ್ಳೋದೇ ಎಲ್ಲಾಕ್ಕೂ ಕಾರಣ ಅಂತಲ್ಲ. ಹೊಸಾ ತಂತಿ ಒಂದೆರಡು ದಿನ ಸಡಲ ಬಿದ್ದೇ ಬೀಳ್ತದ, ಕೈಯಿಂದ ಮೆತ್ತಗ ಜಗ್ಗಿ ಜಗ್ಗಿ ಸುರ ಹಚ್ಚಬೇಕು. ಸಾದಾ ಚಾವಿಗೆ ಎರಡು-ಮೂರು ಸುತ್ತು ಒಂದರ ಕೆಳಗೊಂದು ಚಂದಾಗಿ ಬರಬೇಕು, ಗೋಜಲು ಆಗಬಾರದು. ಸುರ ಯಾವಾಗಲೂ ಕೆಳಗಿಂದ ಮ್ಯಾಲ ಏರಿಸಿ ನಿಲ್ಲಸಬೇಕು. ಏರಿದ್ರ ಪೂರ್ತಿ ಇಳಿಸಿ ಮತ್ತ ಏರಸಬೇಕು. ಮಳಿಗಾಲದಾಗ ಕಟಗಿ ತಂಪು ಕುಡದು ಬಾಗ್ತದ, ಅದಕ್ಕ ಯಾರೂ ಏನೂ ಮಾಡಂಗಿಲ್ಲ, ದಿನಾ ಹಚ್ಚಬೇಕು. ತಂತಿ 9 ನಂಬರಿಂದ 10 ನಂಬರಿಗೆ ದಪ್ಪಂದು ಹಾಕಿದ್ರ ಹಳೇ ಗೀರು ಇಕ್ಕಟ್ಟಾಗ್ತದ, ಅಲ್ಲಿ ಪೆನ್ಸಿಲ್ಲು ನಡಿಯಂಗಿಲ್ಲ. ಗೀರು ಅಗಲ ಮಾಡ್ಲಿಕ್ಕೆ ತಿಳದವ್ರ ಕಡೆನ ಒಯ್ರಿ. ಮನ್ಯಾಗ ಅರಾ ತಗೊಂಡು ತಿಕ್ಕಲಿಕ್ಕೆ ಹೋಗಬ್ಯಾಡ್ರಿ. ಗೀರು ಆಳ ಆತು ಅಂದ್ರ ತಂತಿ ಕೆಳಗಿನ ಪಟ್ಟಿಗೆ ಬಡದು ಝರ್ ಅಂತದ. ಇದು ಉಪ್ಪಿನ ಲೆಕ್ಕ, ಹಾಕಿದ್ದು ತಗಿಯಲಿಕ್ಕೆ ಬರಂಗಿಲ್ಲ.

ನಮ್ಮ ವೈನಿ ಇದನ್ನೆಲ್ಲಾ ಕೇಳಿ, "ನಿನಗ ಬಾರಸಲಿಕ್ಕೇ ಬರಂಗಿಲ್ಲ, ಗಿಟಾರಿನ ರಿಪೇರಿ ಮಾತು ಯಾಕ?" ಅಂದ್ರು. ಅವರಿಗೆ ಒಂದು ಮಾತು ಹೇಳಿದೆ. ಈ ಸ್ಟ್ರಾಟೊಕಾಸ್ಟರ್ 1954ರಾಗ ಹೊರಗ ತಂದ ಲಿಯೊ ಫೆಂಡರ್ ಅನ್ನಾಂವ ಕ್ಯಾಲಿಫೋರ್ನಿಯಾದಾಗ ರೇಡಿಯೊ ರಿಪೇರಿ ಅಂಗಡಿ ಇಟ್ಟಾಂವ. ಅವಗೂ ಗಿಟಾರು ಬಾರಸಲಿಕ್ಕೆ ಬರ್ತಿದ್ದಿಲ್ಲ. ಬಾರಸೋ ಮಂದಿ ಏನು ತ್ರಾಸು ಹೇಳ್ತಾರ ಅಂತ ಕಿವಿಗೊಟ್ಟು ಕೇಳತಿದ್ದ. ಬಾರಸಲಿಕ್ಕೆ ಬರದಾಂವ ಗಿಟಾರು ಮಾಡ್ಯಾನಂದ್ರ ನಾ ಒಂದು ಪೆನ್ಸಿಲ್ಲು ತಿಕ್ಕಬಾರದೇನು?

ಖರೇ ಹೇಳಬೇಕಂದ್ರ ನಾ ಮಾಡದ ಕೆಲಸ ಅದೇ, ಕೇಳೋದು. ಹುಡುಗ ಅವತ್ತಿಗೂ ಮೊದ್ಲ ಎರಡು ಸಲ ಹೇಳಿದ್ದ, "ಅವ್ವಾ, ನಾ ಸರಿ ಹಚ್ಚಿರ್ತೀನಿ, ಅದು ತಾನಾಗೇ ಹೋಗ್ತದ" ಅಂತ. ನೆವಾ ಹೇಳ್ತಾನ ಅಂದಕೊಂಡೆ. ನನ್ನ ಕಿವಿ ಛೊಲೊ ಅದ ಅನ್ನೋ ಸೊಕ್ಕಿನಾಗ ಅವನ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ. ಸುರ ತಪ್ಪಿದ್ದು ಗೊತ್ತಾಗಬೇಕಾದ್ರ ಅವಗೂ ಕಿವಿ ಇದ್ದಂಗೇ ಅಲ್ಲೇನು? ಇಲ್ಲದಿದ್ರ ಅವ ಲಾಕಿಂಗ್ ಚಾವಿ ಯಾಕ ಕೇಳ್ತಿದ್ದ?

ಅದಕ್ಕ ನನ್ನ ಅಭಿಪ್ರಾಯ ಇಷ್ಟು. ಮನ್ಯಾಗ ಹುಡುಗೂರು ವಾದ್ಯ ಬಾರಸ್ತಿದ್ರ, ಅದು ನಮಗ ಸೇರಲಿ ಬಿಡಲಿ, ಅದರ ಆರೈಕಿ ನಮಗೊಂದೀಟು ತಿಳದಿರಬೇಕು. ಮಿಕ್ಸರಿನ ಬ್ಲೇಡು ಬಿಗಿ ಆದ್ರ ನಾವು ಸೊಸಿ ಕೈಗುಣ ಸರಿ ಇಲ್ಲ ಅನ್ನಂಗಿಲ್ಲ, ಮೊದ್ಲ ಜಾರು ತಿರುವಿ ನೋಡ್ತೀವಿ. ಹುಡುಗೂರ ಕಿವಿ, ಬುದ್ಧಿ, ಹಣೇಬಾರ ಅಂತ ಬೈಯೋದಕ್ಕಿಂತ ಮೊದ್ಲ ಎಲ್ಲರೆ ಏನರೆ ಸಿಕ್ಕೊಂಡದೇನು ನೋಡೂಣು. ಹತ್ತು ರೂಪಾಯಿದಾಗ ಆಗೋದಿದ್ರ ಹತ್ತು ರೂಪಾಯಿದಾಗ ಮಾಡೂಣು. ಅದರಿಂದ ಆಗಲಿಲ್ಲಂದ್ರ ಸಾಮಾನಿಗೆ ರೊಕ್ಕ ಹಾಕೂಣು.

ಈಗ ಅವ ಡಿಗ್ರಿ ಓದಲಿಕ್ಕೆ ಹತ್ಯಾನ. ಗಿಟಾರಿನ ಚೀಲದಾಗ ಒಂದು 6ಬಿ ಪೆನ್ಸಿಲ್ಲು, ಒಂದು ಹಳೇ ಬ್ರಶ್ಶು ಇದ್ದೇ ಇರ್ತಾವ. ದಂಡಿ ಮ್ಯಾಲ ನನ್ನ ಎಣ್ಣಿ ಕಲಿ ಇನ್ನೂ ಹಂಗೇ ಅದ. ರಾತ್ರಿ ಊಟ ಆದ ಮ್ಯಾಲ ಖೋಲ್ಯಾಗ ಬಾರಸ್ತಾನ, ನಾ ಪಡಸಾಲಿಯೊಳಗ ಸೊಪ್ಪು ಬಿಡಿಸಿಕೋತ ಕೇಳ್ತೀನಿ. ಸುರ ನಿಂದರ್ತದ. ಆದ್ರ ಮಂದಿ ಬಂದಾಗ ಬಾರಸು ಅಂದ್ರ ಇವತ್ತಿಗೂ ಹೊರಗ ಬರಂಗಿಲ್ಲ. ನಾ ಕರಿಯೋದೂ ಬಿಟ್ಟೀನಿ. ಈ ದೀಪಾವಳಿಗೆ ನೀವು ಬಂದಾಗ ನೀವೂ ಏನೂ ಅನಬ್ಯಾಡ್ರಿ. ಬಾಗಲಾ ತೆರದಿರ್ತದ, ಕೂತು ಕೇಳ್ರಿ ಸಾಕು.